ಬ್ಯಾಟರಿ ಬದಲಾಯಿಸಿದ್ರೆ ರಿಪೇರಿ ಆಯ್ತಾ?

ಹಾಸನದ ಯಾವುದಾದರೂ ಬ್ಯಾಟರಿ ಅಂಗಡಿ ಮುಂದೆ ಒಂದರ್ಧ ಗಂಟೆ ನಿಂತ್ಕೊಳ್ಳಿ. ಬರುವವರು ಹೇಳೋದು ಹೆಚ್ಚುಕಮ್ಮಿ ಒಂದೇ ಮಾತು: "ಬ್ಯಾಟರಿ ಹೋಗಿದೆ, ಹೊಸದು ಕೊಡಿ." ಹೋಗಿದೆ ಅಂತ ಹೇಗೆ ಗೊತ್ತಾಯ್ತು ಅಂತ ಕೇಳಿದ್ರೆ, "ಸೆಲ್ಫ್ ಹೊಡೀತಿಲ್ಲ." ಅಲ್ಲಿಗೆ ತನಿಖೆ ಮುಗೀತು. ಹಳೇದು ಎಕ್ಸ್‌ಚೇಂಜಿಗೆ, ಹೊಸದು ಗಾಡಿಗೆ. ಆರು ತಿಂಗಳು ಬಿಟ್ಟು ಅದೇ ಗಾಡಿ, ಅದೇ ಅಂಗಡಿ. ಟ್ಯಾಂಕ್ ಖಾಲಿ ಆಗ್ತಿದೆ ಅಂತ ಟ್ಯಾಂಕನ್ನೇ ಬದಲಾಯಿಸಿ, ಸೋರ್ತಿರೋ ನಲ್ಲಿಯನ್ನ ಹಾಗೇ ಬಿಟ್ಟ ಲೆಕ್ಕ ಇದು.

ಜನ ಹೀಗೆ ಮಾಡ್ತಾರೆ ಅಂತ ದೂರೋಕೆ ನಾನು ಇದನ್ನ ಬರೀತಿಲ್ಲ. ಅವರ ಪಾಡಿಗೆ ಅವರಿಗೆ ನೂರು ಕೆಲಸ ಇರುತ್ತೆ. ನನ್ನ ತಕರಾರು ಇರೋದು ನಮ್ಮ ಮೇಲೆ. ನಿಂತ ಗಾಡಿಯಲ್ಲಿ ಕರೆಂಟ್ ಎಲ್ಲಿ ಸೋರ್ತಿದೆ ಅಂತ ಹುಡುಕೋಕೆ ಬೇಕಾಗಿರೋದು ಮೊದಲ ವರ್ಷದ ಬೇಸಿಕ್ ಎಲೆಕ್ಟ್ರಿಕಲ್ ಪಾಠಕ್ಕಿಂತ ಒಂದು ಚೂರೂ ಹೆಚ್ಚಿಲ್ಲ. ಆದರೂ ಈ ಕ್ಯಾಂಪಸ್ಸಿನಲ್ಲಿ ಎಲೆಕ್ಟ್ರಿಕಲ್ ಓದ್ತಿರೋ ಎಷ್ಟು ಜನಕ್ಕೆ ಅದನ್ನ ಮಾಡೋ ಧೈರ್ಯ ಇದೆ? ಕೆಟ್ಟದ್ದನ್ನ ಹುಡುಕೋದು ಒಂದು ವಿದ್ಯೆ, ಅದನ್ನ ನಮಗೆ ಕಲಿಸ್ತಿಲ್ಲ, ಕಲಿಸಬೇಕು. ನಾನು ಹೇಳೋದು ಇಷ್ಟೇ. ಯಾಕೆ ಅಂತ ಒಂದು ವ್ಯಾನ್ ಇಟ್ಕೊಂಡು ಹೇಳ್ತೀನಿ.

ವ್ಯಾನ್ ಅಂದ್ರೆ ನಮ್ಮ ಕಡೆ ಓಮ್ನಿ. 1984ರಲ್ಲಿ ಮಾರುತಿ ವ್ಯಾನ್ ಅನ್ನೋ ಹೆಸರಲ್ಲಿ ಬಂದು, ಆಮೇಲೆ ಓಮ್ನಿ ಅಂತಾಗಿ, 2019ರಲ್ಲಿ ತಯಾರಿಕೆ ನಿಂತುಹೋದ ಗಾಡಿ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಅದರ ಮೇಲೇ ಕೂತು ಓಡಿಸಬೇಕು, ಬೇಸಿಗೆಯಲ್ಲಿ ಸೀಟು ದೋಸೆ ಕಾವಲಿ. ಕಂಪನಿ ನಿಲ್ಲಿಸಿದ್ರೂ ಊರುಗಳು ನಿಲ್ಲಿಸಿಲ್ಲ. ಬೆಳಗ್ಗೆ ತರಕಾರಿ, ಎಂಟೂವರೆಗೆ ಸ್ಕೂಲ್ ಮಕ್ಕಳು, ಭಾನುವಾರ ಮದುವೆ ಮನೆ ಪಾತ್ರೆ, ರಾತ್ರಿ ಹೊತ್ತು ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಆಸ್ಪತ್ರೆ. ಒಂದೇ ಗಾಡಿ, ನಾಲ್ಕು ಕೆಲಸ.

ನಾನು ಹೇಳ್ತಿರೋ ಓಮ್ನಿ ದೊಡ್ಡಗದ್ದವಳ್ಳಿಯದು, ನಮ್ಮ ಸೋದರಮಾವನದು. ದೊಡ್ಡಗದ್ದವಳ್ಳಿ ಗೊತ್ತಿಲ್ಲದವರಿಗೆ: ಹಾಸನದಿಂದ ಬೇಲೂರು ರಸ್ತೆಯಲ್ಲಿ ಹೋಗಿ ಒಳಗೆ ತಿರುಗಬೇಕು, ಹದಿನೈದಿಪ್ಪತ್ತು ಕಿಲೋಮೀಟರ್. ಕೆರೆ ಪಕ್ಕದಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀದೇವಿ ದೇವಸ್ಥಾನ ಇದೆ, ನಾಲ್ಕು ಗರ್ಭಗುಡಿಯ ಚತುಷ್ಕೂಟ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಬೇಲೂರು, ಹಳೇಬೀಡು, ಸೋಮನಾಥಪುರ ಸೇರಿದವು. ಇದು ಸೇರಲಿಲ್ಲ, ಹಾಗಾಗಿ ಟೂರಿಸ್ಟ್ ಬಸ್ಸುಗಳು ಮುಖ್ಯರಸ್ತೆಯಲ್ಲೇ ಮುಂದೆ ಹೋಗಿಬಿಡ್ತವೆ. ಹೊಟ್ಟೆಕಿಚ್ಚು ಇನ್ನೊಂದು ಲೇಖನಕ್ಕಿರಲಿ. ವಿಷಯ ಏನಂದ್ರೆ, ಇಂಥ ಊರಲ್ಲಿ ರಾತ್ರಿ ಒಂದು ಗಂಟೆಗೆ ಎದೆನೋವು ಬಂದ್ರೆ 108ಕ್ಕೆ ಫೋನ್ ಮಾಡ್ತಾರೆ, ಜೊತೆಗೇ ಮಾವನ ಬಾಗಿಲನ್ನೂ ತಟ್ತಾರೆ. ಯಾವುದು ಮೊದಲು ರೆಡಿಯಾಗುತ್ತೋ ಅದರಲ್ಲಿ ಹಾಸನಕ್ಕೆ. ಆ ಹೊತ್ತಲ್ಲಿ ಕೀ ತಿರುಗಿಸಿದಾಗ "ಟಕ್" ಅಂತ ಒಂದೇ ಸದ್ದು ಬಂದು ಸುಮ್ಮನಾದ್ರೆ, ಅದು ಬರೀ ಬ್ಯಾಟರಿ ಖರ್ಚಿನ ವಿಷಯ ಆಗಿರಲ್ಲ.

ಎರಡು ವರ್ಷದಲ್ಲಿ ಆ ಗಾಡಿಗೆ ಮೂರು ಬ್ಯಾಟರಿ ಬಂದಿತ್ತು. ಎರಡನೇದು ವಾರಂಟಿಯಲ್ಲಿ ಪುಕ್ಕಟೆ, ಮೂರನೇದು ಅರ್ಧ ದುಡ್ಡು. ಅಂಗಡಿಯವನು ಪ್ರತಿ ಸಲ ಬ್ಯಾಟರಿಗೆ ಲೋಡ್ ಟೆಸ್ಟ್ ಹಾಕಿ "ಸೆಲ್ ವೀಕ್ ಆಗಿದೆ" ಅಂದಿದ್ದ. ಅದು ಸುಳ್ಳಲ್ಲ. ಲೆಡ್ ಆಸಿಡ್ ಬ್ಯಾಟರಿಯನ್ನ ಖಾಲಿ ಮಾಡಿ ದಿನಗಟ್ಟಲೆ ಬಿಟ್ರೆ ಪ್ಲೇಟುಗಳ ಮೇಲಿನ ಲೆಡ್ ಸಲ್ಫೇಟ್ ಗಟ್ಟಿ ಹರಳಾಗಿ ಕೂತುಬಿಡುತ್ತೆ, ಆಮೇಲೆ ಎಷ್ಟು ಚಾರ್ಜ್ ಮಾಡಿದ್ರೂ ಪೂರ್ತಿ ವಾಪಸ್ ಬರಲ್ಲ. ಅಂದ್ರೆ ಸೆಲ್ ವೀಕ್ ಆಗಿದ್ದು ಫಲ, ಕಾರಣ ಅಲ್ಲ. ಕಾರಣ ಹುಡುಕೋದು ಅಂಗಡಿಯವನ ಕೆಲಸವೂ ಅಲ್ಲ ಅನ್ನಿ, ಅವನಿರೋದು ಬ್ಯಾಟರಿ ಮಾರೋಕೆ.

ಊರ ಹತ್ತಿರದ ಆಟೋ ಎಲೆಕ್ಟ್ರಿಷಿಯನ್ ಕೂಡ ನೋಡಿದ್ದರು. ಅವರದು ಸರಳ ವಿಧಾನ. ನೆಗೆಟಿವ್ ಟರ್ಮಿನಲ್ ಬಿಚ್ಚಿ, ಟರ್ಮಿನಲ್ಲಿಗೂ ಕೇಬಲ್ಲಿಗೂ ನಡುವೆ ಇಂಡಿಕೇಟರಿನ 21 ವ್ಯಾಟ್ ಬಲ್ಬ್ ಹಿಡಿಯೋದು. ಬಲ್ಬ್ ಉರಿದ್ರೆ ಸೋರಿಕೆ ಇದೆ, ಉರೀದಿದ್ರೆ ಇಲ್ಲ. ಉರೀಲಿಲ್ಲ. "ಲೀಕೇಜ್ ಇಲ್ಲ ಸ್ವಾಮಿ, ಬ್ಯಾಟರಿನೇ ಡೂಪ್ಲಿಕೇಟ್ ಕೊಟ್ಟಿರ್ಬೇಕು" ಅಂತ ತೀರ್ಪಾಯ್ತು. ಈ ಬಲ್ಬಿನ ವಿಷಯಕ್ಕೆ ವಾಪಸ್ ಬರ್ತೀನಿ, ಅದರಲ್ಲಿ ಸ್ವಾರಸ್ಯ ಇದೆ.

ನನಗೆ ಇಡೀ ಪ್ರಕರಣದಲ್ಲಿ ಬಹಳ ಇಷ್ಟವಾದ ಭಾಗ ಮೀಟರ್ ಮುಟ್ಟೋದಕ್ಕಿಂತ ಮುಂಚಿನದು. ಮಾವನಿಗೆ ಒಂದು ಪ್ರಶ್ನೆ: "ಎಷ್ಟು ದಿನ ನಿಲ್ಲಿಸಿದ್ರೆ ಸೆಲ್ಫ್ ಹೊಡಿಯಲ್ಲ?" ಉತ್ತರ ತಕ್ಷಣ ಬಂತು. "ದಿನಾ ಓಡಿಸಿದ್ರೆ ಏನೂ ತೊಂದ್ರೆ ಇಲ್ಲ. ಒಂದು ದಿನ ನಿಂತ್ರೂ ಪರ್ವಾಗಿಲ್ಲ. ಮೂರನೇ ದಿನಕ್ಕೆ ಸತ್ತಿರುತ್ತೆ."

ಈ ಮೂರು ವಾಕ್ಯದಲ್ಲಿ ಅಂಕಿ ಅಡಗಿದೆ ನೋಡಿ. ಆ ಗಾಡಿಯ ಬ್ಯಾಟರಿ 35 ಆಂಪಿಯರ್ ಅವರ್. ಪೂರ್ತಿ ಖಾಲಿ ಆಗೋವರೆಗೂ ಕಾಯಬೇಕಿಲ್ಲ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹೋದ್ರೆ ಸಾಕು, ಸ್ಟಾರ್ಟರ್ ಮೋಟಾರ್ ತಿರುಗಿಸೋ ತಾಕತ್ತು ಇರಲ್ಲ. ಸುಮಾರು 20 ಆಂಪಿಯರ್ ಅವರ್ ಹೋಗಿದೆ ಅಂತ ಇಟ್ಕೊಳ್ಳಿ. ಮೂರು ದಿನ ಅಂದ್ರೆ 72 ಗಂಟೆ. ಭಾಗಿಸಿದ್ರೆ 0.28 ಆಂಪಿಯರ್. ಬಾನೆಟ್ ಸಮೇತ ಏನನ್ನೂ ತೆಗೀದೆ (ಓಮ್ನಿಗೆ ಬಾನೆಟ್ಟೇ ಇಲ್ಲ, ಆ ಮಾತು ಬೇರೆ) ನಾವು ಹುಡುಕ್ತಿರೋ ಕಳ್ಳನ ಎತ್ತರ ತೂಕ ಗೊತ್ತಾಯ್ತು. ಹೆಡ್‌ಲೈಟ್ ಆನ್ ಇದ್ದಿದ್ರೆ ಒಂದೇ ರಾತ್ರಿಯಲ್ಲಿ ಸಾಯ್ತಿತ್ತು, ಹಾಗಾಗಿ ಅದಲ್ಲ. ಸ್ಟೀರಿಯೋದ ಗಡಿಯಾರ ಮಾತ್ರ ಆಗಿದ್ರೆ ತಿಂಗಳುಗಟ್ಟಲೆ ಬಾಳ್ತಿತ್ತು, ಹಾಗಾಗಿ ಅದೂ ಅಲ್ಲ. ಒಳಗಿನ 5 ವ್ಯಾಟಿನ ದೀಪ ಉರೀತಾ ಇದ್ರೆ 0.4 ಆಂಪಿಯರ್, ಹತ್ತಿರ ಬಂತು, ಆದರೆ ಎರಡನೇ ದಿನಕ್ಕೇ ಸಾಯಬೇಕಿತ್ತು. ಮನೆಯಲ್ಲಿ ಡಾಕ್ಟರ್ ಬಂದಾಗ ಮೊದಲು ಕೇಳೋದು "ಯಾವಾಗಿಂದ?" ಅಂತ ಅಲ್ವಾ? ಅದೇ ಇದು. ನಮ್ಮ ವೈವಾದಲ್ಲಿ ಪ್ಯಾರಾಸಿಟಿಕ್ ಕರೆಂಟ್ ಅಂದ್ರೆ ಏನು ಅಂತ ಕೇಳ್ತಾರೆ. ಮಾವನ ಹತ್ತಿರ ಆ ಪದ ಇಲ್ಲ, "ರಾತ್ರಿಯೆಲ್ಲಾ ಕರೆಂಟ್ ಸೋರತ್ತೆ" ಅಂತಾರೆ. ಉತ್ತರ ಇದ್ದದ್ದು ಅವರ ಹತ್ತಿರ. ಗಾಡಿ ಮಾಲೀಕನ ಭಾಷೆಯಲ್ಲಿ ಪ್ರಶ್ನೆ ಕೇಳೋಕೆ ಬರದಿದ್ರೆ ಅರ್ಧ ಮಾಹಿತಿ ಅಲ್ಲೇ ಉಳೀತು. ಕನ್ನಡ ಸಂಘದ ಪತ್ರಿಕೆಯಲ್ಲಿ ವ್ಯಾನಿನ ಕಥೆ ಯಾಕೆ ಅಂತ ಕೇಳುವವರಿಗೆ ನನ್ನ ಉತ್ತರ ಇದು.

ಆಮೇಲಿನದು ಅಳತೆ. ಮೊದಲು ಬ್ಯಾಟರಿಯನ್ನ ಪೂರ್ತಿ ಚಾರ್ಜ್ ಮಾಡಿಸಿ ಕೆಲವು ಗಂಟೆ ಸುಮ್ಮನೆ ಬಿಟ್ಟು ವೋಲ್ಟೇಜ್ ನೋಡಬೇಕು. 12.6 ಇದ್ರೆ ತುಂಬಿದೆ, 12.2 ಅಂದ್ರೆ ಸುಮಾರು ಅರ್ಧ. ಎಂಜಿನ್ ಸ್ಟಾರ್ಟ್ ಮಾಡಿ ಮತ್ತೆ ನೋಡಿದ್ರೆ 13.8ರಿಂದ 14.5ರ ಒಳಗೆ ಇರಬೇಕು, ಇಲ್ಲಾಂದ್ರೆ ಚಾರ್ಜಿಂಗೇ ಸರಿ ಇಲ್ಲ. ಈ ಗಾಡಿಯಲ್ಲಿ 14.1 ಬಂತು. "ಆಲ್ಟರ್ನೇಟರ್ ಸರಿ ಇದೆ" ಅಂತ ಎಲ್ಲರೂ ಅದನ್ನ ಪಟ್ಟಿಯಿಂದ ಹೊಡೆದು ಹಾಕೋದು ಇಲ್ಲೇ. ಸ್ವಲ್ಪ ತಡೀರಿ.

ಈಗ ಮುಖ್ಯ ಕೆಲಸ. ಕೀ ತೆಗೆದು, ಎಲ್ಲಾ ಸ್ವಿಚ್ ಆಫ್ ಮಾಡಿ, ನೆಗೆಟಿವ್ ಕೇಬಲ್ ಬಿಚ್ಚಿ, ಮಲ್ಟಿಮೀಟರನ್ನ 10 ಆಂಪಿಯರ್ ಸಾಕೆಟ್ಟಿಗೆ ಹಾಕಿ ಟರ್ಮಿನಲ್ಲಿಗೂ ಕೇಬಲ್ಲಿಗೂ ನಡುವೆ ಸೇರಿಸೋದು. ಪಾಸಿಟಿವ್ ಯಾಕಲ್ಲ ಅಂದ್ರೆ, ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದ್ರೆ ನೂರಾರು ಆಂಪಿಯರ್ ಹರಿಯುತ್ತೆ, ಉಂಗುರ ಹಾಕ್ಕೊಂಡಿದ್ರೆ ಬೆರಳು ಹೋಗುತ್ತೆ. ಮೀಟರ್ ಸರಣಿಯಲ್ಲಿ ಇರುವಾಗ ಯಾರೂ ಕೀ ತಿರುಗಿಸಬಾರದು. ಸ್ಟಾರ್ಟರ್ ಕೇಳೋದು ನೂರು ಆಂಪಿಯರಿನ ಆಸುಪಾಸು, ಮೀಟರ್ ತಡ್ಕೊಳ್ಳೋದು ಹತ್ತು, ಅಗ್ಗದ ಮೀಟರುಗಳಲ್ಲಿ ಆ 10 ಆಂಪಿಯರ್ ಸಾಕೆಟ್ಟಿಗೆ ಫ್ಯೂಸೂ ಇರಲ್ಲ. ಬಾಗಿಲು ಮುಚ್ಚಿ, ಕಿಟಕಿ ಗಾಜಿನಿಂದ ಓದೋ ಹಾಗೆ ಮೀಟರ್ ಇಡಿ, ಬಾಗಿಲು ತೆರೆದು ಅಳೆದ್ರೆ ಒಳದೀಪದ ಕರೆಂಟೂ ಸೇರಿಬಿಡುತ್ತೆ. ಹತ್ತು ನಿಮಿಷ ಕಾಯಿರಿ, ಗಾಡಿಯಲ್ಲಿರೋ ಎಲೆಕ್ಟ್ರಾನಿಕ್ಸ್ ಮಲಗೋಕೆ ಟೈಮ್ ಬೇಕು. ಜಿಪಿಎಸ್ ಅಥವಾ ಅಲಾರಂ ಹಾಕಿಸಿದ್ರೆ ಇನ್ನೂ ಜಾಸ್ತಿ.

ಕ್ಲಾಂಪ್ ಮೀಟರ್ ಇದೆಯಲ್ಲ, ಬಿಚ್ಚೋದ್ಯಾಕೆ ಅಂತ ಕೇಳ್ತೀರಿ. ನಮ್ಮ ಲ್ಯಾಬಿನಲ್ಲಿರೋದು ಎಸಿ ಕ್ಲಾಂಪ್. ಅದು ಟ್ರಾನ್ಸ್‌ಫಾರ್ಮರ್ ತತ್ವದ್ದು, ಡಿಸಿಗೆ ಸೊನ್ನೆ ತೋರಿಸುತ್ತೆ. ಡಿಸಿಗೆ ಹಾಲ್ ಸೆನ್ಸರ್ ಇರೋದೇ ಬೇಕು. ಪರೀಕ್ಷೆಗೆ ಇದನ್ನ ಎರಡು ಅಂಕಕ್ಕೆ ಬರೆದವರೇ ಗಾಡಿ ಮುಂದೆ ಎಸಿ ಕ್ಲಾಂಪ್ ಹಿಡ್ಕೊಂಡು ನಿಲ್ತಾರೆ, ನಾನು ನೋಡಿದ್ದೀನಿ.

ಓದಿದ್ದು 0.31 ಆಂಪಿಯರ್. ಮಾವನ "ಮೂರನೇ ದಿನ" ಹೇಳಿದ್ದು 0.28. ಮೀಟರ್ ಇಲ್ಲದೆ ಮಾಡಿದ ಲೆಕ್ಕ ಇಷ್ಟು ಹತ್ತಿರ ಬಂದಾಗ ಆಗೋ ಖುಷಿ ಯಾವ ಸೆಮಿಸ್ಟರ್ ರಿಸಲ್ಟಿಗೂ ನನಗೆ ಆಗಿಲ್ಲ.

ಇನ್ನು ಫ್ಯೂಸುಗಳು. ಒಂದೊಂದಾಗಿ ಕಿತ್ತು, ಮೀಟರ್ ನೋಡಿ, ವಾಪಸ್ ಹಾಕೋದು. ಯಾವ ಫ್ಯೂಸ್ ತೆಗೆದಾಗ ಅಂಕಿ ಧಡಕ್ಕನೆ ಇಳಿಯುತ್ತೋ ಸೋರಿಕೆ ಆ ದಾರಿಯಲ್ಲಿದೆ. ಎಷ್ಟೋ ಹಳೆ ಗಾಡಿಗಳಲ್ಲಿ ಇದು ಸ್ಟೀರಿಯೋ ಹತ್ತಿರ ಮುಗಿಯುತ್ತೆ. ಸ್ಟೀರಿಯೋಗೆ ಹಳದಿ ವೈರ್ ಯಾವಾಗಲೂ ಕರೆಂಟ್ ಇರೋ ಕಡೆ, ಕೆಂಪು ವೈರ್ ಕೀ ತಿರುಗಿಸಿದ್ರೆ ಮಾತ್ರ ಕರೆಂಟ್ ಬರೋ ಕಡೆ ಹೋಗಬೇಕು. ಫಿಟ್ ಮಾಡುವವರು ಎರಡನ್ನೂ ಒಟ್ಟಿಗೆ ಹೊಸೆದು ಟೇಪ್ ಸುತ್ತಿಬಿಡ್ತಾರೆ. ಹಾಡು ಬರುತ್ತೆ, ಗಿರಾಕಿ ಖುಷಿ, ಸೆಟ್ಟು ರಾತ್ರಿಯಿಡೀ ಎಚ್ಚರ. ದೊಡ್ಡಗದ್ದವಳ್ಳಿಯಲ್ಲಿ ಹನ್ನೆರಡನೇ ಶತಮಾನದ ಆರಂಭದ ದೇವಸ್ಥಾನವನ್ನ ಕಟ್ಟಿಸಿದ ವರ್ತಕ ದಂಪತಿಯ ಹೆಸರು ಶಾಸನದಲ್ಲಿದೆ. ಹತ್ತು ವರ್ಷದ ಹಿಂದೆ ವ್ಯಾನಿಗೆ ಯಾರು ಯಾವ ವೈರ್ ಎಲ್ಲಿಂದ ಎಳೆದರು ಅನ್ನೋದಕ್ಕೆ ಒಂದು ಚೀಟಿಯೂ ಇಲ್ಲ.

ಆದರೆ ಈ ಗಾಡಿಯಲ್ಲಿ ಸ್ಟೀರಿಯೋ ನಿರಪರಾಧಿ. ಎಲ್ಲಾ ಫ್ಯೂಸ್ ಕಿತ್ತರೂ ಮೀಟರ್ 0.31ರಿಂದ 0.28ಕ್ಕೆ ಇಳಿದು ಅಲ್ಲೇ ನಿಂತಿತು. ಎಷ್ಟೋ ಜನ ಇಲ್ಲಿ ಕೈಚೆಲ್ತಾರೆ. ನಿಜ ಹೇಳಬೇಕಂದ್ರೆ ಇಲ್ಲಿ ಕೆಲಸ ಸುಲಭ ಆಯ್ತು. ಫ್ಯೂಸ್ ಬಾಕ್ಸ್ ಮೂಲಕ ಹೋಗದ ದಾರಿಗಳು ಬ್ಯಾಟರಿಯಿಂದ ಬೆರಳೆಣಿಕೆಯಷ್ಟು ಮಾತ್ರ: ಸ್ಟಾರ್ಟರಿನ ದಪ್ಪ ಕೇಬಲ್, ಆಲ್ಟರ್ನೇಟರಿನ ಬಿ ಪ್ಲಸ್ ಕೇಬಲ್, ಮತ್ತೆ ಯಾರಾದರೂ ನೇರವಾಗಿ ಬ್ಯಾಟರಿಗೆ ಕಟ್ಟಿದ ಕಳ್ಳ ವೈರುಗಳು. ಕಳ್ಳ ವೈರ್ ಇರಲಿಲ್ಲ. ಬ್ಯಾಟರಿ ಪೂರ್ತಿ ಕಳಚಿ, ಆಲ್ಟರ್ನೇಟರಿನ ಬಿ ಪ್ಲಸ್ ವೈರ್ ಬಿಚ್ಚಿ, ತುದಿಗೆ ಟೇಪ್ ಸುತ್ತಿ, ಫ್ಯೂಸುಗಳನ್ನೆಲ್ಲ ವಾಪಸ್ ಹಾಕಿ, ಮೀಟರ್ ಸೇರಿಸಿದಾಗ 0.03. ಸಿಕ್ತು.

14.1 ವೋಲ್ಟ್ ಚಾರ್ಜ್ ಮಾಡ್ತಿದ್ದ ಆಲ್ಟರ್ನೇಟರ್ ಹೇಗೆ ಕೆಟ್ಟಿರೋಕೆ ಸಾಧ್ಯ? ಮೂರು ಫೇಸ್ ಬ್ರಿಡ್ಜ್ ರೆಕ್ಟಿಫೈಯರಿನ ಚಿತ್ರ ನೆನಪಿಸ್ಕೊಳ್ಳಿ. ಮೂರು ಕಾಲು, ಕಾಲಿಗೆ ಎರಡರಂತೆ ಆರು ಡಯೋಡ್. ಎಂಜಿನ್ ನಿಂತಾಗ ಬ್ಯಾಟರಿಯ ಕರೆಂಟ್ ಬಿ ಪ್ಲಸ್‌ನಿಂದ ಬಾಡಿಗೆ ಇಳೀಬೇಕು ಅಂದ್ರೆ ಎರಡು ಡಯೋಡುಗಳನ್ನ ಹಿಮ್ಮುಖವಾಗಿ ದಾಟಬೇಕು. ಒಂದು ಚೆನ್ನಾಗಿದ್ರೂ ಸಾಕು, ಆ ದಾರಿ ಬಂದ್. ಇಲ್ಲಿ ಮೇಲಿನದೊಂದು, ಕೆಳಗಿನದೊಂದು, ಎರಡೂ ಸೋರ್ತಿದ್ದವು. ವರ್ಷಗಟ್ಟಲೆ ಬಿಸಿ, ಧೂಳು, ಮಳೆಗಾಲದ ತೇವ ತಿಂದ ಪ್ಲೇಟ್ ಅದು. ಪೂರ್ತಿ ಶಾರ್ಟ್ ಆಗಿದ್ರೆ ಚಾರ್ಜಿಂಗ್ ಬಿದ್ದುಹೋಗ್ತಿತ್ತು, ಯಾರಿಗಾದರೂ ಗೊತ್ತಾಗ್ತಿತ್ತು. ಕಾಲು ಆಂಪಿಯರಿನ ಸೋರಿಕೆ ಓಡುವಾಗಿನ ಹತ್ತಾರು ಆಂಪಿಯರಿನಲ್ಲಿ ಕಾಣಿಸೋದೇ ಇಲ್ಲ. ಕೈಯಿಟ್ಟು ನೋಡಿದ್ರೆ ಬಿಸಿಯೂ ಇಲ್ಲ: ಮೂರೂವರೆ ವ್ಯಾಟ್, ಅಷ್ಟು ದೊಡ್ಡ ಲೋಹದ ಗಡ್ಡೆಗೆ ಏನೂ ಅಲ್ಲ. ಓಡುವಾಗ ಚೆನ್ನಾಗಿದೆ ಅಂದ್ರೆ ನಿಂತಾಗಲೂ ಚೆನ್ನಾಗಿದೆ ಅಂತ ಅರ್ಥ ಅಲ್ಲ. ಎರಡು ಬೇರೆ ಪ್ರಶ್ನೆ, ಎರಡಕ್ಕೂ ಬೇರೆ ಬೇರೆ ಅಳತೆ ಬೇಕು.

ಹಾಸನದಲ್ಲಿ ರೆಕ್ಟಿಫೈಯರ್ ಪ್ಲೇಟ್ ಬದಲಾಯಿಸಿದ್ದಕ್ಕೆ ಆದ ಖರ್ಚು ಒಂದು ಬ್ಯಾಟರಿಯ ಬೆಲೆಯ ಕಾಲು ಭಾಗಕ್ಕಿಂತ ಕಮ್ಮಿ. ಈಗ ನಿಂತಾಗ ಹೋಗೋದು 0.03 ಆಂಪಿಯರ್, ಅಂದ್ರೆ ಸುಮಾರು ಒಂದು ತಿಂಗಳು ನಿಲ್ಲಿಸಿದ್ರೂ ಸೆಲ್ಫ್ ಹೊಡಿಯಬೇಕು.

ಬಲ್ಬಿನ ಮಾತಿಗೆ ಬರ್ತೀನಿ. ಎಲೆಕ್ಟ್ರಿಷಿಯನ್ನರ ಬಲ್ಬ್ ಟೆಸ್ಟ್ ದಡ್ಡತನ ಅಂತ ನಗೋರು ನಮ್ಮ ನಡುವೆ ಇದ್ದಾರೆ. ನಾನು ಒಪ್ಪಲ್ಲ. ಅದು ಜಾಣ ಉಪಕರಣ. ಸರಣಿಯಲ್ಲಿ ಬಲ್ಬ್ ಇದ್ರೆ ಎಲ್ಲೇ ಶಾರ್ಟ್ ಇರಲಿ, 1.75 ಆಂಪಿಯರಿಗಿಂತ ಜಾಸ್ತಿ ಹರಿಯಲ್ಲ, ಏನೂ ಸುಡಲ್ಲ. ಮೀಟರೂ ಅದೇ, ಫ್ಯೂಸೂ ಅದೇ, ಬೆಲೆ ಹತ್ತಿಪ್ಪತ್ತು ರೂಪಾಯಿ. ಹಿಂದಿನ ಕಾಲದ ಸೋರಿಕೆಗಳು, ಅಂದ್ರೆ ಸಿಕ್ಕಿಹಾಕ್ಕೊಂಡ ಬ್ರೇಕ್ ಲೈಟ್ ಸ್ವಿಚ್ಚು, ಬಾಡಿಗೆ ತಗುಲಿದ ವೈರು, ಇವಕ್ಕೆಲ್ಲ ಅದು ತಪ್ಪದೆ ಉರೀತಿತ್ತು. ಆದರೆ ತಣ್ಣಗಿರೋ ಫಿಲಮೆಂಟಿನ ರೆಸಿಸ್ಟೆನ್ಸ್ ಉರಿಯುವಾಗಿನ ಹತ್ತನೇ ಒಂದು ಭಾಗದಷ್ಟೇ. 0.3 ಆಂಪಿಯರ್ ಅದರೊಳಗೆ ಹರಿದ್ರೆ ಕೆಂಪಗೂ ಆಗಲ್ಲ. ಬಲ್ಬ್ ಸುಳ್ಳು ಹೇಳಲಿಲ್ಲ, ತನಗೆ ಕಾಣೋದಕ್ಕಿಂತ ಚಿಕ್ಕದನ್ನ "ಇಲ್ಲ" ಅಂತು. ಅದೇ ಜಾಗಕ್ಕೆ ಡ್ಯಾಶ್‌ಬೋರ್ಡಿನ ಸಣ್ಣ 1.2 ವ್ಯಾಟ್ ಬಲ್ಬ್ ಹಾಕಿದ್ರೆ ಝಗ್ ಅಂತ ಉರೀತಿತ್ತು. ಆ ಹಿರಿಯರಿಗೆ ಇದನ್ನ ತೋರಿಸಿದಾಗ ಅವರು ಒಂದು ನಿಮಿಷ ಬಲ್ಬ್ ನೋಡಿ, ಜೇಬಿಂದ ಇನ್ನೊಂದು ತೆಗೆದು, "ಎರಡೂ ಇಟ್ಕೋತೀನಿ" ಅಂದರು. ಪಾಠ ಅಂದ್ರೆ ಅದು. ನಮ್ಮಲ್ಲಿ ಎಷ್ಟು ಜನ ಒಂದು ಉಪಕರಣಕ್ಕೆ ಏನು ಕಾಣುತ್ತೆ, ಏನು ಕಾಣಲ್ಲ ಅಂತ ಯೋಚಿಸಿ ರೀಡಿಂಗ್ ಬರೀತೀವಿ?

ಅವರೇ ಹೇಳಿದ್ದ ಇನ್ನೊಂದು ಉಪಾಯ ಕಟ್‌ಆಫ್ ಸ್ವಿಚ್. ನೆಗೆಟಿವ್ ಕೇಬಲ್ಲಿಗೆ ಒಂದು ದೊಡ್ಡ ಸ್ವಿಚ್, ರಾತ್ರಿ ತಿರುಗಿಸಿ ಮಲಗೋದು. ಕೆಟ್ಟ ಉಪಾಯ ಅಲ್ಲ, ತಿಂಗಳಿಗೊಮ್ಮೆ ಓಡೋ ಗಾಡಿಗೆ ನಾನೂ ಅದನ್ನೇ ಹೇಳ್ತೀನಿ. ಆದರೆ ಹುಡುಕಿದ ಮೇಲೆ ಹಾಕಬೇಕಾದ್ದು, ಹುಡುಕೋ ಬದಲಿಗೆ ಅಲ್ಲ. ಒಳಗೆ ಏನೋ ಬಿಸಿಯಾಗಿ ಬಾಡಿ ಆಗ್ತಿದ್ರೆ ಸ್ವಿಚ್ ಅದನ್ನ ಮುಚ್ಚಿಡುತ್ತೆ ಅಷ್ಟೇ.

ಈಗ ನಮ್ಮ ಲ್ಯಾಬಿಗೆ ಬನ್ನಿ. ಬ್ರೆಡ್‌ಬೋರ್ಡ್ ಮೇಲೆ ಮೂರು ರೆಸಿಸ್ಟರ್ ಜೋಡಿಸಿ ಕಿರ್ಚಾಫ್ ನಿಯಮ "ವೆರಿಫೈ" ಮಾಡ್ತೀವಿ. ಉತ್ತರ ಮೊದಲೇ ಗೊತ್ತು. ಸರಿ ಬರದಿದ್ರೆ ಪಕ್ಕದ ಬ್ಯಾಚಿನ ರೀಡಿಂಗ್ ಇದೆ. ಕಿರ್ಚಾಫ್ ಆ ನಿಯಮಗಳನ್ನ ಬರೆದದ್ದು 1845ರಲ್ಲಿ, ಆಗ ಅವನಿಗೆ 21 ವರ್ಷ, ಇನ್ನೂ ವಿದ್ಯಾರ್ಥಿ. ನಮ್ಮದೇ ವಯಸ್ಸು. ಅವನ ನಿಯಮವನ್ನ ಇನ್ನೊಂದು ಸಲ ಸರಿ ಅಂತ ಸಾಬೀತು ಮಾಡೋ ಅಗತ್ಯ ಯಾರಿಗೂ ಇಲ್ಲ. ಅದನ್ನ ಬಳಸಿ ಗೊತ್ತಿಲ್ಲದ್ದನ್ನ ಹುಡುಕೋ ಅಗತ್ಯ ಎಲ್ಲರಿಗೂ ಇದೆ. ಫ್ಯೂಸ್ ಕಿತ್ತು ಮೀಟರ್ ನೋಡೋದು ಕರೆಂಟ್ ನಿಯಮ ಅಲ್ಲದೆ ಮತ್ತೇನು? ಒಳಗೆ ಬಂದದ್ದೆಲ್ಲ ಯಾವುದೋ ಕವಲಿನಲ್ಲಿ ಹೋಗಲೇಬೇಕು. ಎಲ್ಲಾ ಕವಲು ಮುಚ್ಚಿದ ಮೇಲೂ 0.28 ಹರೀತಿದೆ ಅಂದ್ರೆ ಲೆಕ್ಕಕ್ಕೆ ಸಿಗದ ಇನ್ನೊಂದು ಕವಲಿದೆ.

ಇದಕ್ಕೆ ಬರೋ ಆಕ್ಷೇಪ ನನಗೆ ಗೊತ್ತು. ಇನ್ನು ಹತ್ತು ವರ್ಷದಲ್ಲಿ ಎಲ್ಲಾ ಎಲೆಕ್ಟ್ರಿಕ್ ಗಾಡಿ, ಹಳೇ ಓಮ್ನಿ ಹಿಡ್ಕೊಂಡು ಏನು ಮಾಡ್ತೀರಿ ಅಂತ. ಎಲೆಕ್ಟ್ರಿಕ್ ಕಾರಿನಲ್ಲೂ ದೊಡ್ಡ ಬ್ಯಾಟರಿ ಜೊತೆಗೆ ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಇರುತ್ತೆ. ಕಂಟ್ರೋಲ್ ಯೂನಿಟ್ಟುಗಳನ್ನ ಎಬ್ಬಿಸೋದು, ದೊಡ್ಡ ಬ್ಯಾಟರಿಯ ಕಾಂಟ್ಯಾಕ್ಟರ್ ಮುಚ್ಚೋದು ಎಲ್ಲಾ ಅದರಿಂದ. ಅದು ಸತ್ತರೆ, ಕೆಳಗೆ ಎಷ್ಟೇ ಕಿಲೋವ್ಯಾಟ್ ಅವರ್ ತುಂಬಿದ್ರೂ ಗಾಡಿ ಕದಲಲ್ಲ. ನಿಂತಾಗ ಮಲಗದೆ ಕರೆಂಟ್ ತಿನ್ನೋ ಪೆಟ್ಟಿಗೆಗಳು ಅದರಲ್ಲಿ ಓಮ್ನಿಗಿಂತ ಹತ್ತು ಪಟ್ಟು ಜಾಸ್ತಿ. ಹುಡುಕೋ ಕ್ರಮ ಅದೇ.

ಹಾಗಾಗಿ ನನ್ನ ಬೇಡಿಕೆ ಚಿಕ್ಕದು. ವರ್ಕ್‌ಶಾಪ್ ಹಿಂದೆ ಶೀಟಿನ ಕೆಳಗೆ ಒಂದು ಹಳೇ ವ್ಯಾನ್ ತಂದು ನಿಲ್ಲಿಸಿ. ರಸ್ತೆಗೆ ಇಳೀಬೇಕಿಲ್ಲ, ಚಕ್ರ ಇಲ್ಲದಿದ್ರೂ ನಡೆಯುತ್ತೆ. ವೈರಿಂಗ್, ಫ್ಯೂಸ್ ಬಾಕ್ಸ್, ಆಲ್ಟರ್ನೇಟರ್ ಇದ್ರೆ ಸಾಕು. ಒಂದು ಡಿಸಿ ಕ್ಲಾಂಪ್ ಮೀಟರ್ ಕೊಳ್ಳಿ, ಫ್ಯೂಸ್ ಸುಟ್ಟಿರೋ ಮಲ್ಟಿಮೀಟರುಗಳಿಗೆ ಫ್ಯೂಸ್ ಹಾಕಿಸಿ. ಹಾಸನದ ಒಬ್ಬ ಆಟೋ ಎಲೆಕ್ಟ್ರಿಷಿಯನ್ನನ್ನ ಸೆಮಿಸ್ಟರಿಗೆ ಎರಡು ಸಲ ಕರೆಸಿ, ಬರೀ ಚಹಾ ಕೊಟ್ಟು ಕಳಿಸಬೇಡಿ, ಗೌರವಧನ ಕೊಡಿ. ಪರೀಕ್ಷೆ ದಿನ ಅವರು ಗಾಡಿಯೊಳಗೆ ಎಲ್ಲೋ ಒಂದು ಸೋರಿಕೆ ಮಾಡಿಟ್ಟಿರಲಿ. ಪ್ರತಿ ಬ್ಯಾಚಿಗೆ ಬೇರೆ ಬೇರೆ, ಪಕ್ಕದವರ ರೀಡಿಂಗ್ ಕೆಲಸಕ್ಕೆ ಬಾರದ ಹಾಗೆ. ಪಕ್ಕದಲ್ಲಿ ಸ್ಟೂಲ್ ಹಾಕಿ ಗಾಡಿ ಮಾಲೀಕನ ಪಾತ್ರಕ್ಕೆ ನಮ್ಮ ಲ್ಯಾಬಿನ ಅಟೆಂಡರನ್ನ ಕೂರಿಸಿ. ಕೇಳಿದ್ರೆ ಮಾತ್ರ ಅವರು ಹೇಳಬೇಕು, ಎಷ್ಟು ದಿನ ನಿಲ್ಲಿಸಿದ್ರೆ ಸಾಯುತ್ತೆ ಅಂತ. ಕೇಳದೆ ಸ್ಪ್ಯಾನರ್ ಎತ್ತಿದವರಿಗೆ ಐದು ಅಂಕ ಕಟ್.